ಪಟ್ಟಿಯಲ್ಲಿ ಹಿಡಿಯದ ಮದ್ದು: ಪೋಡಿನ ಅಜ್ಜಿಯ ಔಷಧ ಜ್ಞಾನವನ್ನು ಬರೆದಿಡುವ ಮುನ್ನ

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಈ ಬೆಟ್ಟದ ಬುಡಕಟ್ಟಾದ ಸೋಲಿಗರ ಪೋಡುಗಳಿಂದ, ಅಂದರೆ ಹಾಡಿಗಳಿಂದ, ಬರುತ್ತಾರೆ. ಅವರಲ್ಲೊಬ್ಬಳ ಅಜ್ಜಿ ಸುತ್ತಲಿನ ಪೋಡುಗಳಿಗೆಲ್ಲ ಮದ್ದು ಕೊಡುವವರು. ಅವರಿಗೆ ತಿಳಿದಿರುವ ಗಿಡಮೂಲಿಕೆಗಳ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿ, ಕಿರುಪುಸ್ತಕವಾಗಿ ಅಚ್ಚು ಹಾಕಿಸಿ, ಅಂತರ್ಜಾಲದಲ್ಲೂ ಎಲ್ಲರಿಗೂ ಸಿಗುವಂತೆ ಮಾಡಬೇಕೆಂಬ ಆಸೆಯಿದೆ. ಈ ಮದ್ದುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ದಾಖಲಿಸುವ ಸರಿಯಾದ ಕ್ರಮ ಯಾವುದು? ಶಾಲೆಯ ಆವರಣದಲ್ಲಿ ಈ ಗಿಡಗಳನ್ನು ಬೆಳೆಸಬಹುದೆ?

ಉತ್ತರ:

ಮಾನ್ಯ ಶಿಕ್ಷಕರೆ,

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಪಟ್ಟಿ' ಎಂಬ ಮಾತು. ನಾನೂ ಈ ಕೆಲಸವನ್ನು ಪಟ್ಟಿಯಿಂದಲೇ ಆರಂಭಿಸಿದವನು. ಬಹಳ ವರ್ಷಗಳ ಹಿಂದೆ ಹಿರಿಯ ಸೋಲಿಗರೊಬ್ಬರ ಜೊತೆ ಮಾಗಳಿ ಬೇರು ಅಗೆಯುವುದನ್ನು ನೋಡಲು ಹೋಗಿದ್ದೆ. ಅವರು ಬಳ್ಳಿಯನ್ನು ಹಿಡಿದು ಅದರ ಬುಡದವರೆಗೆ ಹೋದರು, ಆದರೆ ಬುಡದಲ್ಲಿ ಅಗೆಯಲಿಲ್ಲ. ಒಂದು ಮೊಳ ಈಚೆಗೆ ಕೂತು, ಕೋಲಿನಿಂದ ಮಣ್ಣು ಕೆದಕಿ, ಹಿಡಿ ಮಣ್ಣೆತ್ತಿ ಮೂಸಿ ನೋಡಿ, ಅಲ್ಲಿಗೆ ಚಾಚಿಕೊಂಡಿದ್ದ ಎರಡು ಬೇರುಗಳನ್ನಷ್ಟೇ ಕತ್ತರಿಸಿಕೊಂಡರು. ದಪ್ಪನೆಯ ನಡುಬೇರನ್ನು ಮುಟ್ಟಲಿಲ್ಲ. ತೆಗೆದ ಮಣ್ಣನ್ನು ಮತ್ತೆ ತುಂಬಿ, ಪಾದದಿಂದ ಮೆಟ್ಟಿ, ಮೇಲೆ ತರಗೆಲೆ ಎಳೆದು ಎದ್ದರು. ಆ ದಿನ ನನ್ನ ಪುಸ್ತಕದಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: 'ಮಾಗಳಿ ಬೇರು, ಹಸಿವೆಗೆ, ಜೀರ್ಣಕ್ಕೆ.' ಕಣ್ಣೆದುರು ನಡೆದದ್ದರಲ್ಲಿ ಬಹುಪಾಲು ಆ ಸಾಲಿನ ಹೊರಗೇ ಉಳಿಯಿತು ಎಂಬುದು ನನಗೆ ಅರಿವಾದದ್ದು, ಬುಡಸಮೇತ ಕಿತ್ತು ಮಾರುವವರ ಕೈಗೆ ಸಿಕ್ಕಿ ಮಾಗಳಿ ಬಳ್ಳಿಯೇ ವಿರಳವಾಗತೊಡಗಿದಾಗ.

ಹಾಗಾಗಿ ನಿಮ್ಮ ಮೂರೂ ಪ್ರಶ್ನೆಗಳಿಗೆ ನನ್ನ ಉತ್ತರ ಒಂದೇ ಬೇರಿನಿಂದ ಹೊರಡುತ್ತದೆ. ಕಾಡಿನ ಜನರ ಔಷಧ ಜ್ಞಾನದಲ್ಲಿ ಗಿಡದ ಹೆಸರು ಅತ್ಯಂತ ಚಿಕ್ಕ ಭಾಗ. ಯಾವ ಗಿಡ ಎಂದು ಗುರುತಿಸುವ ಕಣ್ಣು, ಯಾವ ಭಾಗವನ್ನು ಯಾವ ತಿಂಗಳಲ್ಲಿ ಎಷ್ಟು ತೆಗೆಯಬೇಕೆಂಬ ಲೆಕ್ಕ, ಅದನ್ನು ಹದಗೊಳಿಸುವ ಬಗೆ, ಯಾರಿಗೆ ಕೊಡಬಾರದೆಂಬ ಎಚ್ಚರ, ಕೊಟ್ಟ ಮೇಲೆ ಹಿಡಿಸುವ ಪಥ್ಯ, ಇವೆಲ್ಲ ಸೇರಿದರೆ ಮದ್ದು. ಇವನ್ನು ಬಿಟ್ಟು ಹೆಸರನ್ನಷ್ಟೇ ಎತ್ತಿಕೊಂಡರೆ ಓದುಗರಿಗೂ ಅಪಾಯ, ಕಾಡಿಗೂ ಅಪಾಯ, ಆ ಜ್ಞಾನವನ್ನು ಕಾಪಾಡಿಕೊಂಡು ಬಂದ ಸಮುದಾಯಕ್ಕೂ ಅನ್ಯಾಯ.

ಅಪಾಯ ಎಂದದ್ದು ಅಲಂಕಾರದ ಮಾತಲ್ಲ. ತುಳುನಾಡಿನ ಆಟಿ ಅಮಾವಾಸ್ಯೆಯ ಕಷಾಯವನ್ನು ನೋಡಿ. ಅಂದು ಸೂರ್ಯೋದಯಕ್ಕೆ ಮುನ್ನ ಹಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಯಲ್ಲಿ ಸ್ವಲ್ಪವೇ ಕುಡಿಯುತ್ತಾರೆ. ಆಮೇಲೆ ದೇಹ ತಂಪಾಗಲೆಂದು ಮೆಂತ್ಯದ ಗಂಜಿ. ಪಟ್ಟಿಯಲ್ಲಿ ಇದು 'ಹಾಲೆ ಮರ, ತೊಗಟೆ, ಮಳೆಗಾಲದ ಕಾಯಿಲೆಗೆ' ಎಂದು ಒಂದು ಸಾಲಾಗುತ್ತದೆ. ಆದರೆ ಅದೇ ಗುಡ್ಡದಲ್ಲಿ, ಅದೇ ಕತ್ತಲಲ್ಲಿ, ಕಾಸರಕದ ಮರವೂ ನಿಂತಿರುತ್ತದೆ. ಕಾಸರಕದಲ್ಲಿ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ಪ್ರಬಲ ವಿಷಗಳಿವೆ. ಹಾಲೆ ಮರದಲ್ಲಿ ಗೆಣ್ಣಿಗೆ ಆರೇಳು ಎಲೆಗಳು ಸುತ್ತಲೂ ಕೊಡೆಯಂತೆ ಹರಡಿರುತ್ತವೆ, ಗಾಯ ಮಾಡಿದರೆ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎರಡೆರಡಾಗಿ ಎದುರುಬದುರು ಇರುತ್ತವೆ, ಹಾಲು ಬರುವುದಿಲ್ಲ. ತಿಳಿದವರು ಹಗಲಿನಲ್ಲೇ ಮರವನ್ನು ಗುರುತು ಮಾಡಿಟ್ಟುಕೊಳ್ಳುತ್ತಾರೆ. ಓದಿಕೊಂಡು ಹೋದವರಿಗೆ ಆ ಎಚ್ಚರವಿರುವುದಿಲ್ಲ. ಕರಾವಳಿಯಲ್ಲಿ ಪ್ರತಿ ವರ್ಷ ಆಟಿಯ ಹೊತ್ತಿಗೆ ತಿಳಿದವರ ಕೈಯಿಂದಲೇ ತೊಗಟೆ ತೆಗೆಸಿರಿ ಎಂದು ಎಚ್ಚರಿಸಬೇಕಾಗಿರುವುದು ಇದಕ್ಕಾಗಿಯೇ.

ಹೆಸರೇ ದಾರಿ ತಪ್ಪಿಸುವ ಪ್ರಸಂಗಗಳೂ ಕಡಿಮೆಯಿಲ್ಲ. ಬ್ರಾಹ್ಮಿ ಎಂದರೆ ಒಬ್ಬರಿಗೆ ಒಂದೆಲಗ, ಇನ್ನೊಬ್ಬರಿಗೆ ನೀರುಬ್ರಾಹ್ಮಿ. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಶಂಖಪುಷ್ಪಿ ಎಂಬ ಹೆಸರಿನಲ್ಲಿ ಕನಿಷ್ಠ ಮೂರು ಗಿಡಗಳು ವ್ಯವಹಾರದಲ್ಲಿವೆ. ಅಶೋಕ ಎಂದು ಶಾಲೆಯ ಗೇಟಿನ ಬಳಿ ನೆಟ್ಟಿರುವ ಎತ್ತರದ ಮರಕ್ಕೂ ಔಷಧದ ಅಶೋಕಕ್ಕೂ ಸಂಬಂಧವಿಲ್ಲ. ಒಂದು ಪೋಡಿನಿಂದ ಇನ್ನೊಂದು ಪೋಡಿಗೆ ಹೋಗುವಷ್ಟರಲ್ಲಿ ಹೆಸರು ಬದಲಾಗುವುದನ್ನು ನೀವೇ ಕಂಡಿರಬಹುದು. ಅಜ್ಜಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅವರು ಹೆಸರು ಕೇಳಿ ಗಿಡ ತರುವವರಲ್ಲ, ಗಿಡದ ಮುಂದೆ ನಿಂತು ಎಲೆ ಮುರಿದು, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ ತಿಳಿಯುವವರು. ತೊಂದರೆಯಾಗುವುದು ನಮ್ಮಂತೆ ಹೆಸರಿನ ಮೂಲಕ ಗಿಡವನ್ನು ತಲುಪುವವರಿಗೆ.

ಇನ್ನು ನಂಬಿಕೆಯ ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಜನರ ಅನುಭವದಲ್ಲಿ ನೆಲೆಯಾಗಿದ್ದ ಎಷ್ಟೋ ಸಸ್ಯಗಳು ಪ್ರಯೋಗಶಾಲೆಯ ಪರೀಕ್ಷೆಯಲ್ಲೂ ನಿಂತಿವೆ. ಕೆಮ್ಮಿಗೆಂದು ಹಳ್ಳಿ, ಹಾಡಿಗಳಲ್ಲೆಲ್ಲ ಬಳಸುವ ಆಡುಸೋಗೆಯ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಅದರ ರಚನೆಯ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ರೂಪಿಸಲಾಯಿತು. ಇಂದು ಔಷಧದಂಗಡಿಯಲ್ಲಿ ಕಫ ಕರಗಿಸಲೆಂದು ಕೊಡುವ ಹಲವು ಸಿರಪ್‌ಗಳಲ್ಲಿ ಇದೋ ಇದರ ಸಂಬಂಧಿಯಾದ ಆಂಬ್ರೋಕ್ಸಾಲೋ ಇರುತ್ತದೆ. ಸರ್ಪಗಂಧದ ಕಥೆ ಇನ್ನೂ ದೊಡ್ಡದು. ಬಿಹಾರದ ಹಳ್ಳಿಗಳಲ್ಲಿ ಅದರ ಬೇರಿಗೆ 'ಹುಚ್ಚಿನ ಮದ್ದು' ಎಂಬ ಅರ್ಥದ ಹೆಸರೇ ಇತ್ತು. 1931ರ ಹೊತ್ತಿಗೆ ಭಾರತೀಯ ವಿಜ್ಞಾನಿಗಳು ಅದರ ರಾಸಾಯನಿಕಗಳನ್ನು ಬೇರ್ಪಡಿಸಲು ತೊಡಗಿದ್ದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ ಅವರು ಅಧಿಕ ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ರಾಸಾಯನಿಕ ಬೇರ್ಪಟ್ಟಿತು. ರಕ್ತದೊತ್ತಡಕ್ಕೂ ತೀವ್ರ ಮನೋರೋಗಕ್ಕೂ ಕೊಡಲಾದ ಮೊದಲ ಪರಿಣಾಮಕಾರಿ ಔಷಧಗಳಲ್ಲಿ ಅದು ಒಂದು. ಹಳ್ಳಿಯವರು ಇಟ್ಟ ಹೆಸರಿನಲ್ಲೇ ಔಷಧದ ಗುಣ ಅಡಗಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಆದರೆ ಅನುಭವದಿಂದ ಬಂದ ಜ್ಞಾನಕ್ಕೆ ತನ್ನದೇ ಆದ ಒಂದು ಮಿತಿಯಿದೆ. ಅದನ್ನು ಮಕ್ಕಳಿಗೆ ವಿವರಿಸುವುದು ವಿಜ್ಞಾನ ಶಿಕ್ಷಕರಾದ ನಿಮ್ಮಿಂದಲೇ ಆಗಬೇಕು. ತಿಂದೊಡನೆ ವಾಂತಿಯಾದರೆ, ಮೈಮೇಲೆ ಗುಳ್ಳೆ ಎದ್ದರೆ, ಸಮುದಾಯ ಅದನ್ನು ಕೂಡಲೇ ಗಮನಿಸುತ್ತದೆ, ನೆನಪಿಡುತ್ತದೆ. ಆದ್ದರಿಂದಲೇ ಕಾಡುಗೇರಿನಂಥ ಸುಡುವ ಕಾಯಿಯನ್ನೂ ಹದಮಾಡಿ ಬಳಸುವ ಕ್ರಮ ಹುಟ್ಟಿತು. ಇಂದು ತಿಂದದ್ದು ಹತ್ತು ವರ್ಷದ ಮೇಲೆ ಮೂತ್ರಪಿಂಡವನ್ನು ಕೆಡಿಸಿದರೆ, ಆ ಎರಡಕ್ಕೂ ಗಂಟು ಹಾಕುವುದು ಎಷ್ಟೇ ಸೂಕ್ಷ್ಮ ಕಣ್ಣಿಗೂ ಅಸಾಧ್ಯ. ಈಶ್ವರಿ ಬೇರಿನ ವಿಷಯದಲ್ಲಿ ಆಗಿರುವುದು ಇದೇ. ವಿಷಜಂತು ಕಚ್ಚಿದಾಗ ಕೊಡುವ ಮದ್ದೆಂದು ಅದಕ್ಕೆ ಬಹಳ ಹಳೆಯ ಹೆಸರಿದೆ. ಆ ಗಿಡದ ಜಾತಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಮೂತ್ರನಾಳದ ಕ್ಯಾನ್ಸರನ್ನು ತರುತ್ತದೆ ಎಂಬುದು ಈಗ ಸಂದೇಹಕ್ಕೆ ಎಡೆಯಿಲ್ಲದ ಸಂಗತಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಈ ಜಾತಿಯ ಮೂಲಿಕೆ ಬೆರೆತ ಮಾತ್ರೆಗಳನ್ನು ತಿಂದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಕೆಟ್ಟ ಮೇಲೆ ಇದು ಸ್ಪಷ್ಟವಾಯಿತು. ಅಜ್ಜಿಯ ಮಾತಿನಲ್ಲಿ ಈಶ್ವರಿ ಬೇರು ಬಂದರೆ ಅದನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಆದರೆ ಹೊಟ್ಟೆಗೆ ತೆಗೆದುಕೊಳ್ಳುವ ಮದ್ದೆಂದು ಅದನ್ನು ಯಾವ ಕಿರುಪುಸ್ತಕದಲ್ಲೂ ಅಚ್ಚು ಹಾಕಬೇಡಿ, ಮತ್ತು ಏಕೆಂದು ಅಜ್ಜಿಗೂ ಗೌರವದಿಂದ ತಿಳಿಸಿ ಹೇಳಿ. ನಾನು ಕಂಡಂತೆ ಮದ್ದು ಕೊಡುವವರು ಇಂಥ ಮಾತನ್ನು ಬಹಳ ಗಮನವಿಟ್ಟು ಕೇಳುತ್ತಾರೆ. ತಮ್ಮ ಕೈಯಿಂದ ಯಾರಿಗೂ ಕೇಡಾಗಬಾರದೆಂಬ ಕಾಳಜಿ ಅವರಿಗೆ ನಮಗಿಂತ ಹೆಚ್ಚೇ ಇರುತ್ತದೆ.

ಹಾವಿನ ಕಡಿತದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಜೀವವೇ ಹೋಗುತ್ತದೆ. ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು 2000ದಿಂದ 2019ರವರೆಗಿನ ಸಾವುಗಳನ್ನು ಕುರಿತ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಹಾವಿನ ವಿಷಕ್ಕೆ ಯಾವ ಬೇರೂ, ಯಾವ ಸೊಪ್ಪೂ ಪ್ರತಿವಿಷವಲ್ಲ. ನಮ್ಮ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥ ರೋಗಿಗಳು ಯಾವ ಮದ್ದು ಕೊಟ್ಟರೂ ಬದುಕುತ್ತಾರೆ, ಕೊಟ್ಟ ಮದ್ದಿಗೆ ಹೆಸರು ಬರುತ್ತದೆ. ಈ ಮಾತನ್ನು ಹೇಳುವಾಗ ಮಕ್ಕಳಿಗೆ ತಮ್ಮ ಹಿರಿಯರನ್ನು ಹಳಿದಂತೆ ಕೇಳಿಸಬಾರದು. ಅದಕ್ಕೆ ತಮಿಳುನಾಡಿನ ಇರುಳರ ಉದಾಹರಣೆಯನ್ನು ಕೊಡಿ. ಹಾವಿನ ಜಾಡನ್ನು ಮಣ್ಣಿನಲ್ಲೇ ಓದಬಲ್ಲ ಆ ಸಮುದಾಯ 1978ರಲ್ಲಿ ಹಾವು ಹಿಡಿಯುವವರ ಸಹಕಾರ ಸಂಘವನ್ನು ಕಟ್ಟಿಕೊಂಡಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಅವರ ಕೌಶಲದಿಂದಲೇ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ದೊರೆಯುತ್ತಿದೆ. ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬ ಇಬ್ಬರು ಇರುಳರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಆಸ್ಪತ್ರೆಯಲ್ಲಿ ಕೊಡುವ ಆ ಚುಚ್ಚುಮದ್ದಿನ ಹಿಂದೆ ಕಾಡಿನ ಜನರ ಜ್ಞಾನವೇ ಇದೆ ಎಂದು ತಿಳಿದರೆ ನಿಮ್ಮ ಮಕ್ಕಳು ಆಸ್ಪತ್ರೆಗೂ ಹೋಗುತ್ತಾರೆ, ತಲೆಯೆತ್ತಿಯೂ ನಡೆಯುತ್ತಾರೆ.

ಇದೇ ಸಾಲಿಗೆ ಕುಡುಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯನ್ನೂ ಸೇರಿಸುತ್ತೇನೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನಿಮ್ಮ ಭಾಗದ ಸಮುದಾಯಗಳಲ್ಲೂ ಇದೆ. ಇದು ವಂಶವಾಹಿಯಲ್ಲೇ ಇರುವ ದೋಷವಾದ್ದರಿಂದ ಬೇರು, ಸೊಪ್ಪುಗಳಿಂದ ಗುಣವಾಗುವುದಿಲ್ಲ. ಮೈಕೈ ನೋವೆಂದು ಪದೇ ಪದೇ ಶಾಲೆ ಬಿಡುವ ಮಗುವಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಮದ್ದು ಕೊಡುವವರಲ್ಲಿ 'ಕೈಗುಣ' ಎಂಬ ಮಾತಿದೆ. ಮದ್ದಿನ ಗುಟ್ಟು ಹೊರಗೆ ಹೇಳಿದರೆ ಅದರ ಗುಣ ಹೋಗುತ್ತದೆ ಎಂಬ ಮಾತೂ ಇದೆ. ಓದಿದವರು ಇವೆರಡನ್ನೂ ಮೂಢನಂಬಿಕೆಯೆಂದು ಬದಿಗಿಡುವುದನ್ನು ನೋಡಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ಕೈಗುಣ ಎನ್ನುವುದರಲ್ಲಿ ರೋಗಿಯ ಮುಖ ನೋಡಿ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಅನುಭವವೂ, ಪಕ್ಕದಲ್ಲಿ ಕೂತು ಧೈರ್ಯ ಹೇಳುವ ಆರೈಕೆಯೂ ಸೇರಿದೆ. ಗುಟ್ಟಿನ ನಿಯಮವಾದರೋ, ಅರೆಬರೆ ತಿಳಿದವರ ಕೈಗೆ ಮದ್ದು ಸಿಗದಂತೆ, ಎಲ್ಲರೂ ಒಂದೇ ಗಿಡದ ಮೇಲೆ ಮುಗಿಬೀಳದಂತೆ ತಡೆಯುವ ಬೇಲಿ. ಆ ಬೇಲಿಯನ್ನು ಕಿತ್ತುಹಾಕಲು ನಾವು ಯಾರು ಎಂದು ಪುಸ್ತಕ ತೆರೆಯುವ ಮೊದಲೇ ಕೇಳಿಕೊಳ್ಳಬೇಕು.

ಈ ಪ್ರಶ್ನೆಗೆ ಪಾಠವಾಗಬಲ್ಲ ಒಂದು ಪ್ರಸಂಗ ನೆರೆಯ ಕೇರಳದಲ್ಲೇ ನಡೆದಿದೆ. 1987ರ ಡಿಸೆಂಬರ್‌ನಲ್ಲಿ ಡಾ. ಪಿ. ಪುಷ್ಪಾಂಗದನ್ ಅವರ ನೇತೃತ್ವದ ಸಸ್ಯವಿಜ್ಞಾನಿಗಳ ತಂಡ ಅಗಸ್ತ್ಯ ಬೆಟ್ಟವನ್ನು ಹತ್ತುತ್ತಿತ್ತು. ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ನಡುನಡುವೆ ಯಾವುದೋ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಎಷ್ಟು ಹತ್ತಿದರೂ ದಣಿಯುತ್ತಿರಲಿಲ್ಲ. ಸುಸ್ತಾಗಿದ್ದ ವಿಜ್ಞಾನಿಗಳಿಗೂ ಅದನ್ನು ಕೊಟ್ಟರು, ಅವರಿಗೂ ಹುರುಪು ಬಂತು. ಯಾವ ಗಿಡ ಎಂದು ಕೇಳಿದರೆ ಮೊದಲಿಗೆ ಹೇಳಲಿಲ್ಲ, ಏಕೆಂದರೆ ಅದು ಸಮುದಾಯದ ಗುಟ್ಟು. ಒತ್ತಾಯಿಸಿದ ಮೇಲೆ ತೋರಿಸಿದರು. ಅದೇ ಆರೋಗ್ಯಪಚ್ಚ. ತಿರುವನಂತಪುರದ ಬಳಿಯ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಅದರ ಎಲೆಯ ಜೊತೆ ಬೇರೆ ಮೂಲಿಕೆಗಳನ್ನು ಸೇರಿಸಿ 'ಜೀವನಿ' ಎಂಬ ಔಷಧ ತಯಾರಿಸಿ, ಅದರ ಉತ್ಪಾದನೆಯ ಹಕ್ಕನ್ನು ಕೊಯಮತ್ತೂರಿನ ಕಂಪನಿಗೆ ಏಳು ವರ್ಷಗಳಿಗೆ ಕೊಟ್ಟಿತು. ಪರವಾನಗಿ ಶುಲ್ಕ 10 ಲಕ್ಷ ರೂಪಾಯಿ, ಮಾರಾಟದ ಮೇಲೆ ಶೇ. 2ರಷ್ಟು ರಾಯಧನ. ಇವೆರಡರಲ್ಲೂ ಅರ್ಧವನ್ನು ಕಾಣಿಗಳಿಗೆ ಕೊಡುವುದೆಂದು ಸಂಸ್ಥೆ ನಿರ್ಧರಿಸಿತು. ಅದನ್ನು ಪಡೆಯಲು 1997ರಲ್ಲಿ ಕಾಣಿಗಳ ಕ್ಷೇಮ ಟ್ರಸ್ಟ್ ನೋಂದಣಿಯಾಯಿತು. ಲಾಭದಲ್ಲಿ ಪಾಲು ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ ಇನ್ನೂ ಇಲ್ಲದಿದ್ದಾಗ ಹೀಗೆ ಮಾಡಿದ್ದು ದೊಡ್ಡ ನಡೆಯೇ ಸರಿ, ಅದಕ್ಕೆ ಜಗತ್ತಿನ ಮೆಚ್ಚುಗೆಯೂ ಬಂತು. ಆದರೆ ಗುಟ್ಟು ಹೇಳಿದವರು ಕೆಲವರು, ಗುಟ್ಟಿನ ಒಡೆಯರು ಇಡೀ ಸಮುದಾಯ. ಬೇರೆ ಪ್ರದೇಶದ ಕಾಣಿಗಳು ತಮ್ಮನ್ನು ಕೇಳಲೇ ಇಲ್ಲವೆಂದು ಆಕ್ಷೇಪಿಸಿದರು. ಗಿಡವನ್ನು ಬೆಳೆಸಿ ಮಾರಲು ಹೋದಾಗ ಅರಣ್ಯ ಇಲಾಖೆಯ ತಡೆ ಎದುರಾಯಿತು. ಹಣ ಹಂಚುವುದಕ್ಕಿಂತ ಒಪ್ಪಿಗೆ ಪಡೆಯುವುದು ಕಷ್ಟದ ಕೆಲಸ ಎಂಬುದನ್ನು ನಾನು ಈ ಪ್ರಸಂಗದಿಂದ ಕಲಿತೆ. ನಿಮ್ಮ ಅಜ್ಜಿಯ ವಿಷಯದಲ್ಲೂ ಅಷ್ಟೇ. ಅವರೊಬ್ಬರು ಹೂಂ ಎಂದರೆ ಸಾಲದು, ಪೋಡಿನ ಯಜಮಾನರೂ ಗ್ರಾಮಸಭೆಯೂ ಕೂತು ಮಾತಾಡಬೇಕು.

ಈಗ ಇದಕ್ಕೆ ಕಾನೂನಿನ ಬಲವೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ವಿಧಿ ಜೀವವೈವಿಧ್ಯಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಬೌದ್ಧಿಕ ಹಕ್ಕನ್ನು ಹೆಸರಿಟ್ಟು ಹೇಳುತ್ತದೆ. ನಿಮ್ಮ ಬೆಟ್ಟದಲ್ಲೇ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಆಗಿದೆಯೇ ಎಂದು ವಿಚಾರಿಸಿ. 2020ರ ಗಡುವಿಗಾಗಿ ಅವಸರದಲ್ಲಿ ತುಂಬಿಸಿದ ದಾಖಲಾತಿಗಳೇ ಹಲವಾದ್ದರಿಂದ, ನಿಮ್ಮ ಕೆಲಸ ಅದಕ್ಕೆ ನಿಜವಾದ ತಿರುಳನ್ನು ಕೊಡಬಹುದು. ಈ ಕಾಯ್ದೆಯ 2023ರ ತಿದ್ದುಪಡಿಯು ಗ್ರಂಥಸ್ಥ ಜ್ಞಾನವನ್ನು ಬಳಸುವವರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟಿದೆ, ಆದರೆ ಅಲ್ಲಿ ಗ್ರಂಥಸ್ಥ ಎಂದರೆ ಔಷಧ ಕಾಯ್ದೆಯ ಅನುಸೂಚಿಯಲ್ಲಿ ಹೆಸರಿಸಿರುವ ಆಯುರ್ವೇದ ಮೊದಲಾದ ಪದ್ಧತಿಗಳ ಗ್ರಂಥಗಳಲ್ಲಿರುವುದು. ಪೋಡಿನಲ್ಲಿ ಬಾಯಿಂದ ಬಾಯಿಗೆ ಬಂದದ್ದು ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಈ ಜ್ಞಾನ ಇಂಥ ಪೋಡಿನದು ಎಂದು ದಿನಾಂಕಸಹಿತ ದಾಖಲಾಗಿರುವುದು ಮುಂದೆ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಅಂತರ್ಜಾಲದಲ್ಲಿ ಹಾಕುವುದನ್ನು ನಾನು ಬೇಡವೆನ್ನುವುದು ಇದೇ ಕಾರಣಕ್ಕೆ. ಬಹಿರಂಗವಾಗಿ ಪ್ರಕಟವಾದ ಜ್ಞಾನದ ಮೇಲೆ ಪೇಟೆಂಟ್ ಪಡೆಯುವುದು ಕಷ್ಟ ಎಂಬುದು ನಿಜ. ಗಾಯ ಮಾಯಿಸುವ ಅರಿಶಿನದ ಗುಣದ ಮೇಲೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟನ್ನು 1997ರಲ್ಲಿ ರದ್ದುಪಡಿಸಲು ನಮ್ಮ ಹಳೆಯ ಬರವಣಿಗೆಗಳೇ ಸಾಕ್ಷಿಯಾದವು. ಆದರೆ ಅರಿಶಿನ ಎಲ್ಲರ ಮನೆಯದು. ಒಂದು ಪೋಡಿಗಷ್ಟೇ ತಿಳಿದದ್ದನ್ನು ಬಹಿರಂಗಪಡಿಸಿದರೆ ಪೇಟೆಂಟ್ ತಪ್ಪಬಹುದು, ಅದರ ಜೊತೆಗೇ ಆ ಪೋಡಿನವರು ಯಾರೊಡನೆಯೂ ಷರತ್ತು ಹಾಕಿ ಮಾತಾಡುವ ಅವಕಾಶವೂ ತಪ್ಪುತ್ತದೆ. ಕಾಡಿಗೆ ಆಗುವ ಹಾನಿ ಇನ್ನೂ ಬೇಗ ಕಾಣುತ್ತದೆ. ಸರ್ಪಗಂಧದಲ್ಲಿ ಬೇಕಾದದ್ದು ಬೇರು, ಬೇರು ತೆಗೆದರೆ ಗಿಡ ಹೋಯಿತು. ಬೆಳೆಸಿದರೂ ಕೊಯ್ಲಿಗೆ ಒಂದೂವರೆ ವರ್ಷಕ್ಕೆ ಕಡಿಮೆಯಿಲ್ಲ. ರೆಸರ್ಪಿನ್ ಪ್ರಸಿದ್ಧವಾದ ಮೇಲೆ ಕಾಡಿನ ಗಿಡಗಳು ಎಷ್ಟು ವೇಗವಾಗಿ ಖಾಲಿಯಾದವೆಂದರೆ 1990ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೇ ನಿಯಂತ್ರಣ ಹೇರಬೇಕಾಯಿತು.

ದಾಖಲಿಸುವ ಕ್ರಮಕ್ಕೆ ಬರುತ್ತೇನೆ. ಮೊದಲ ಸಲ ಹೋಗುವಾಗ ಪುಸ್ತಕ, ಮೊಬೈಲ್ ಏನೂ ಹೊರಗೆ ತೆಗೆಯಬೇಡಿ. ಏನು ಮಾಡಬೇಕೆಂದಿದ್ದೀರಿ, ಯಾರು ಓದುತ್ತಾರೆ, ಪ್ರತಿ ಎಲ್ಲಿರುತ್ತದೆ ಎಂಬುದನ್ನು ಹೇಳಿ, ಬೇಡವೆನ್ನಲು ಅವರಿಗೆ ಸಮಯ ಕೊಡಿ. ಒಪ್ಪಿದ ಮೇಲೆ ಮನೆಯ ಜಗಲಿಯಲ್ಲಿ ಕೂತು ಪಟ್ಟಿ ಕೇಳಬೇಡಿ, ಅವರ ಜೊತೆ ನಡೆಯಿರಿ. ಮಳೆಗಾಲದಲ್ಲೊಮ್ಮೆ, ಚಳಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನಡೆದರೆ ಒಂದೇ ದಾರಿ ಮೂರು ಬಗೆಯಾಗಿ ಕಾಣುತ್ತದೆ. ಪ್ರತಿ ಗಿಡದ ಮುಂದೆ ನಿಂತಾಗಲೂ ಅವರ ಮಾತನ್ನು ಅವರ ನುಡಿಯಲ್ಲೇ ಬರೆದುಕೊಳ್ಳಿ. ಸೋಲಿಗ ನುಡಿಯ ಪದವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಬಲವಾಗಿದೆ, ಈ ಕೆಲಸದಲ್ಲಾದರೂ ಅದನ್ನು ಬಿಡಿ. ಅಳತೆಯನ್ನು ಗ್ರಾಮಿಗೆ ಬದಲಾಯಿಸಬೇಡಿ. ಹೆಬ್ಬೆರಳುದ್ದ, ಅರ್ಧ ಹಿಡಿ, ಅಡಿಕೆ ಗಾತ್ರ ಎಂದರೆ ಹಾಗೆಯೇ ಬರೆದು, ಬೇಕಾದರೆ ಪಕ್ಕದಲ್ಲಿ ತೂಗಿ ನೋಡಿದ್ದನ್ನು ಗುರುತಿಸಿ. ಹಸಿಯೋ ಒಣಗಿದ್ದೋ, ನೀರಿನಲ್ಲೋ ಹಾಲಿನಲ್ಲೋ ಜೇನಿನಲ್ಲೋ, ಎಷ್ಟು ದಿನ, ಯಾವ ಪಥ್ಯ, ಬಸುರಿಗೆ ಕೊಡಬಹುದೇ, ಎಳೆ ಮಗುವಿಗೆ ಕೊಡಬಹುದೇ ಎಂಬುದನ್ನೆಲ್ಲ ಕೇಳಿ. 'ಯಾವಾಗ ನೀವೇ ಆಸ್ಪತ್ರೆಗೆ ಹೋಗಿ ಎನ್ನುತ್ತೀರಿ?' ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿ. ಒಳ್ಳೆಯ ಮದ್ದುಗಾರರ ಬಳಿ ಇದಕ್ಕೆ ಸ್ಪಷ್ಟ ಉತ್ತರವಿರುತ್ತದೆ.

ಗಿಡದ ಗುರುತಿಗೆ ಫೋಟೊ ಸಾಲದು. ಹೂ ಅಥವಾ ಕಾಯಿ ಇರುವ ಒಂದು ಚಿಕ್ಕ ರೆಂಬೆಯನ್ನು ಅವರ ಅನುಮತಿ ಪಡೆದು ತೆಗೆದು, ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿ ಒಂದು ಎಲೆಯ ಬೆನ್ನು ಮೇಲೆ ಬರುವಂತೆ ಹರವಿ, ಮೇಲೆ ಹಲಗೆ ಮತ್ತು ಭಾರ ಇಡಿ. ಮೊದಲ ವಾರ ದಿನಕ್ಕೊಮ್ಮೆ ಕಾಗದ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಒಣಗಿದರೆ ತಿಳಿಯದೆ ಹೋಗುವ ಹೂವಿನ ಬಣ್ಣ, ವಾಸನೆ, ಹಾಲು ಬರುತ್ತಿತ್ತೇ, ಗಿಡ ಎಷ್ಟೆತ್ತರ ಎಂಬ ವಿವರಗಳನ್ನು ಅಲ್ಲೇ ಚೀಟಿಯಲ್ಲಿ ಬರೆದಿಡಿ. ಅದನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಿ ವೈಜ್ಞಾನಿಕ ಹೆಸರನ್ನು ಖಚಿತಪಡಿಸಿಕೊಳ್ಳಿ. ಮಕ್ಕಳಿಗೆ ಈ ಒಂದು ಕೆಲಸವೇ ಒಂದು ವರ್ಷದ ವಿಜ್ಞಾನ ಪಾಠ.

ಮದ್ದಿನ ಜೊತೆಗೆ ಕಾಡಿನ ಬಗ್ಗೆ ಅವರು ಹೇಳುವುದನ್ನೂ ಬರೆದುಕೊಳ್ಳಿ. ನೆಲ್ಲಿ ಏಕೆ ಕಡಿಮೆಯಾಯಿತೆಂದು ಕೇಳಿದರೆ ಸೋಲಿಗರು ಉಪ್ಪಿಲು ಎಂದು ತಾವು ಕರೆಯುವ, ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬಂದಳಿಕೆಯ ಕಡೆಗೆ ಬೆರಳು ತೋರಿಸುತ್ತಾರೆ. ಹಿಂದೆ ಬೇಸಿಗೆಯ ಆರಂಭದಲ್ಲೇ ತಾವು ಹಾಕುತ್ತಿದ್ದ ತರಗು ಬೆಂಕಿ ನೆಲದ ತರಗನ್ನಷ್ಟೇ ಸುಟ್ಟು ಉಪ್ಪಿಲನ್ನು ಹತೋಟಿಯಲ್ಲಿಡುತ್ತಿತ್ತು, ಬೆಂಕಿಯನ್ನು ನಿಷೇಧಿಸಿದ ಮೇಲೆ ಉಪ್ಪಿಲೂ ಹೆಚ್ಚಿತು, ಲಂಟಾನ ಕಳೆಯೂ ಹಬ್ಬಿತು ಎನ್ನುತ್ತಾರೆ. ಪರಿಸರ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ನಡೆಸಿದ್ದಾರೆ. ನೆಲ್ಲಿಕಾಯಿಯ ಗುಣವನ್ನು ಯಾವ ಪುಸ್ತಕದಲ್ಲಾದರೂ ಓದಬಹುದು, ಇದನ್ನು ಹೇಳುವವರು ಆ ಬೆಟ್ಟದಲ್ಲಿ ಮಾತ್ರ ಇದ್ದಾರೆ.

ಬರೆದದ್ದು ಮುಗಿದಾಗ ಅದನ್ನು ಅಜ್ಜಿಯ ಮುಂದೆ ಓದಿ. ಅವರು ಬೇಡವೆಂದ ಸಾಲುಗಳನ್ನು ಅಲ್ಲೇ ತೆಗೆದುಹಾಕಿ. ಮೊದಲ ಪ್ರತಿ ಪೋಡಿನಲ್ಲಿರಲಿ, ಎರಡನೆಯದು ಗ್ರಾಮಸಭೆಯಲ್ಲಿ, ಮೂರನೆಯದು ಮಾತ್ರ ಶಾಲೆಯಲ್ಲಿ. ಅಚ್ಚು ಹಾಕಿಸಲೇಬೇಕೆಂದಿದ್ದರೆ ಎಲ್ಲರಿಗೂ ಮೊದಲೇ ತಿಳಿದಿರುವ, ತಿಂದರೂ ಕೇಡಿಲ್ಲದ ಸೊಪ್ಪು, ಹಣ್ಣು, ಗೆಡ್ಡೆಗಳ ಪುಸ್ತಕ ಮಾಡಿ. ಅದರ ಮೇಲೆ ಲೇಖಕರ ಜಾಗದಲ್ಲಿ ನಿಮ್ಮ ಹೆಸರಲ್ಲ, ಅವರು ಒಪ್ಪಿದರೆ ಅವರ ಹೆಸರು ಇರಲಿ. ಕೇರಳದ ಕಲ್ಲಾರಿನ ಕಾಡಿನಲ್ಲಿ ವಾಸಿಸುವ, ಕಾಣಿ ಸಮುದಾಯದ ಲಕ್ಷ್ಮಿಕುಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರ ಜ್ಞಾನಕ್ಕೆ ಅವರದೇ ಹೆಸರು ಸೇರಿಕೊಂಡಿತು. ಅದಕ್ಕೂ ಮುಂಚೆ ಎಷ್ಟು ಅಜ್ಜಿಯರ ಮಾತುಗಳು ಪ್ರಬಂಧಗಳಲ್ಲಿ 'ಸ್ಥಳೀಯ ಮಾಹಿತಿದಾರರು' ಎಂಬ ಪದದೊಳಗೆ ಕರಗಿಹೋಗಿವೆ ಎಂಬುದನ್ನು ಈ ಕ್ಷೇತ್ರದಲ್ಲಿರುವ ನಾನು ಬಲ್ಲೆ.

ಕೊನೆಯದಾಗಿ ಶಾಲೆಯ ತೋಟ. ನೆಲ್ಲಿ, ಆಡುಸೋಗೆ, ಒಂದೆಲಗ, ದೊಡ್ಡಪತ್ರೆ, ತುಳಸಿ, ಲೋಳೆಸರಗಳನ್ನು ಧಾರಾಳವಾಗಿ ಬೆಳೆಸಿ. ಮಂಗರವಳ್ಳಿಯನ್ನು ಬೇಲಿಗೆ ಹಬ್ಬಿಸಿ. ಅಮೃತಬಳ್ಳಿಯನ್ನು ಬೆಳೆಸಿದರೆ ಗುರುತಿನ ಪಾಠಕ್ಕೆ ಮಾತ್ರ ಬಳಸಿ. ಕೊರೊನಾ ಕಾಲದಲ್ಲಿ ಅದರ ಕಷಾಯವನ್ನು ದಿನವೂ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದನ್ನೇ ಹೋಲುವ ಇನ್ನೊಂದು ಬಳ್ಳಿಯ ಗೊಂದಲದ ಮಾತೂ ಬಂತು. ಕಾಡಿನಿಂದ ಗಿಡ ಕಿತ್ತು ತರಬೇಡಿ, ಬೀಜ ಅಥವಾ ಕಡ್ಡಿಯಿಂದ ಎಬ್ಬಿಸಿ. ಗೌರಿ ಹೂವಿನ ಬಳ್ಳಿಯನ್ನು ಅದರ ಚೆಲುವಿಗೆ ಮಾರುಹೋಗಿ ನೆಡುವವರಿದ್ದಾರೆ. ಅದರ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ, ಗೆಣಸೆಂದು ತಿಂದವರು ಸತ್ತದ್ದುಂಟು. ಗುಲಗಂಜಿಯ ಕೆಂಪು ಬೀಜವೂ ಅಷ್ಟೇ, ಜಗಿದು ನುಂಗಿದರೆ ಮಗುವಿನ ಜೀವಕ್ಕೆ ಅಪಾಯ. ಇವೆರಡೂ ಶಾಲೆಯ ಬೇಲಿಯೊಳಗೆ ಬೇಡ. ಯಾವ ಗಿಡ ಎಲ್ಲಿ ಬರಬೇಕು, ಯಾವುದಕ್ಕೆ ನೆರಳು ಬೇಕು, ಯಾವುದು ಯಾವುದರ ಪಕ್ಕ ಬದುಕುತ್ತದೆ ಎಂಬುದನ್ನು ಗುಂಡಿ ತೋಡುವ ಮೊದಲು ಅಜ್ಜಿಯನ್ನು ಕರೆಸಿ, ಅಂಗಳದಲ್ಲಿ ನಡೆಸಿ, ಅವರಿಂದಲೇ ಕೇಳಿ.